ವರ್ಕ್‌ಶಾಪ್ ನೆಲ ಪುಡಿ ಏಳುತ್ತಿದೆ, ಎಪಾಕ್ಸಿ ಹಾಕಿಸಬಹುದಾ?

ತೋಟದ ಜೀಪು:
ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮದೊಂದು ಶೆಡ್ ಇದೆ. ಜೀಪು, ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ಪಂಪ್‌ಸೆಟ್, ಕಳೆ ಹೊಡೆಯುವ ಮಿಷನ್, ಎಲ್ಲದರ ರಿಪೇರಿಯೂ ಅಲ್ಲೇ. ಕಾಂಕ್ರೀಟ್ ನೆಲ ಅಪ್ಪನ ಕಾಲದ್ದು. ಗುಡಿಸಿದಷ್ಟೂ ಪುಡಿ ಬರುತ್ತದೆ, ಜ್ಯಾಕ್ ಇಡುವ ಕಡೆ ಗುಂಡಿ, ಒಂದು ಮೂಲೆ ಆಯಿಲ್ ಕುಡಿದು ಕಪ್ಪಾಗಿದೆ. ಮಳೆಗಾಲದಲ್ಲಂತೂ ನೆಲ ಯಾವಾಗಲೂ ಒದ್ದೆ, ಸ್ಪ್ಯಾನರ್ ಕೆಳಗಿಟ್ಟರೆ ತುಕ್ಕು. ಒಬ್ಬರು ಎಪಾಕ್ಸಿ, ಅಂದ್ರೆ ನೆಲದ ಮೇಲೆ ಗಟ್ಟಿಯಾಗುವ ರಾಳದ ಲೇಪ, ಹಾಕಿಸಿ ಅಂತಾರೆ. ಮೇಸ್ತ್ರಿ ಸುಮ್ನೆ ಅರ್ಧ ಇಂಚು ಗಾರೆ ಎಳೆದುಬಿಡೋಣ ಅನ್ನುತ್ತಾರೆ. ಸುಮಾರು 600 ಚದರ ಅಡಿ. ಯಾವುದು ಒಳ್ಳೆಯದು?

ಗ್ರೀಸ್ ಕೈ:
ಸದ್ಯಕ್ಕೆ ಎರಡೂ ಬೇಡ. ಅರ್ಧ ಇಂಚು ಗಾರೆ ಹಳೇ ಪುಡಿ ನೆಲವನ್ನು ಹಿಡಿದುಕೊಳ್ಳುವುದಿಲ್ಲ, ಜೀಪಿನ ಚಕ್ರ ಓಡಾಡಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಎಪಾಕ್ಸಿ ಮಾಮೂಲಿಯಾಗಿ ಒಣ ನೆಲಕ್ಕೆ. ಕೆಳಗಿಂದ ತೇವ ಬಂದರೆ ಗುಳ್ಳೆ ಎದ್ದು ಸುಲಿಯುತ್ತದೆ.

ಮೊದಲು ತೇವ ಎಲ್ಲಿಂದ ಅಂತ ನೋಡಿ. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚಿಗೆ ಟೇಪ್ ಹಾಕಿ ನೆಲಕ್ಕೆ ಅಂಟಿಸಿ, ಕಡಿಮೆ ಅಂದ್ರೂ 16 ಗಂಟೆ ಬಿಡಿ. ಹಾಳೆಯ ಅಡಿಯಲ್ಲಿ ಹನಿ ಕೂತಿದ್ದರೆ ಅಥವಾ ಕಾಂಕ್ರೀಟ್ ಕಪ್ಪಾಗಿದ್ದರೆ ನೀರು ನೆಲದೊಳಗಿಂದ. ಮೇಲೆ ಮಾತ್ರ ಒದ್ದೆಯಾಗಿದ್ದರೆ ಅದು ಗಾಳಿಯ ತೇವ. ಇದನ್ನು ಮಾರ್ಚ್‌ನಲ್ಲಿ ಮಾಡಿ ಒಣಗಿದೆ ಅಂತ ಖುಷಿಪಡಬೇಡಿ. ಜುಲೈನಲ್ಲಿ ಮಾಡಿ.

ಬಾಣೆ ಅಕ್ಕ:
ಒಂದು ಪ್ರಶ್ನೆ. ಶೆಡ್ ಹಿಂದೆ ಬರೆ, ಅಂದ್ರೆ ಗುಡ್ಡದ ಕಡಿದಾದ ಏರು, ಇದೆಯಾ?

ತೋಟದ ಜೀಪು:
ಹೌದು ಅಕ್ಕ, ಬರೆ ಕಡಿದೇ ಜಾಗ ಮಟ್ಟ ಮಾಡಿದ್ದು. ಒದ್ದೆ ಜಾಸ್ತಿ ಇರುವುದೂ ಆ ಕಡೆಯೇ.

ಬಾಣೆ ಅಕ್ಕ:
ಹಾಗಾದ್ರೆ ನಿಮ್ಮ ರೋಗ ನೆಲದಲ್ಲಿಲ್ಲ, ಹಿಂದೆ ಇದೆ. ಮಳೆ ನೀರೆಲ್ಲ ಬರೆಯಲ್ಲಿ ಇಳಿದು ಕಾಂಕ್ರೀಟಿನ ಅಡಿಗೆ ಹೋಗುತ್ತಿದೆ, ಆ ಕಾಲದ ನೆಲಕ್ಕೆ ಕೆಳಗೆ ಪ್ಲಾಸ್ಟಿಕ್ ಶೀಟ್ ಹಾಸಿರುವುದೂ ಡೌಟು. ಬರೆಯ ಮೇಲ್ಗಡೆ ಒಂದು ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಶೆಡ್ ಗೋಡೆಯ ಪಕ್ಕ, ನೆಲದ ಮಟ್ಟಕ್ಕಿಂತ ಕೆಳಗೆ, ತೂತಿನ ಪೈಪ್ ಇಟ್ಟು ಜಲ್ಲಿ ತುಂಬಿದ ಇನ್ನೊಂದು. ಬೇಸಿಗೆಯಲ್ಲೇ ಮುಗಿಸಿ. ಬರೆಯ ಬುಡಕ್ಕೆ ಮಾತ್ರ ಜೆಸಿಬಿ ಹಾಕಿಸಬೇಡಿ, 2018ರ ಆಗಸ್ಟ್‌ನ ಗುಡ್ಡ ಕುಸಿತ ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ ಅಲ್ವಾ.

ಗಾರೆ ಕೆಲಸ:
ಅಕ್ಕ ಹೇಳಿದ್ದು ಸರಿ. ಅಷ್ಟರಲ್ಲಿ ಗುಂಡಿ ಮುಚ್ಚಿಕೊಳ್ಳಿ. ಗುಂಡಿಯ ಸುತ್ತ ಕಟ್ಟರ್‌ನಲ್ಲಿ ಚೌಕವಾಗಿ, ನೇರವಾಗಿ ಕೊಯ್ದು ಸಡಿಲ ಇರುವುದನ್ನೆಲ್ಲ ತೆಗೆಯಿರಿ. ಅಂಚು ತೆಳುವಾಗಿ ಬಿಟ್ಟರೆ ಅಲ್ಲಿಂದಲೇ ಒಡೆಯುತ್ತದೆ. ತೊಳೆದು, ಲ್ಯಾಟೆಕ್ಸ್ (ಹಿಡಿತ ಕೊಡುವ ಅಂಟಿನಂಥ ದ್ರವ) ಬೆರೆಸಿದ ಸಿಮೆಂಟ್ ಹಾಲು ಹಚ್ಚಿ, ಅದು ಒಣಗುವ ಮೊದಲೇ ಬೇಬಿ ಜಲ್ಲಿ (ಸಣ್ಣ ಜಲ್ಲಿ) ಹಾಕಿದ ಕಾಂಕ್ರೀಟ್ ಮಿಕ್ಸ್ ತುಂಬಿ. ಒದ್ದೆ ಗೋಣಿ ಹಾಸಿ ಒಂದು ವಾರ ನೀರು ಹಾಕುತ್ತಿರಿ. ಆಯಿಲ್ ಮೂಲೆಗೆ ಆಸಿಡ್ ಹಾಕ್ತೀನಿ ಅನ್ನುವವರಿದ್ದಾರೆ, ಆಯಿಲ್ ಅದಕ್ಕೆ ಬಗ್ಗಲ್ಲ. ಡಿಗ್ರೀಸರ್ ಹಾಕಿ ಉಜ್ಜಿ, ಆಮೇಲೂ ನೀರು ಮುತ್ತಾಗಿ ನಿಂತರೆ ಅಷ್ಟು ಭಾಗ ಕೆತ್ತಿ ತೆಗೆಯುವುದೇ ದಾರಿ.

ಗ್ರೀಸ್ ಕೈ:
ಪುಡಿ ಏಳುವುದಕ್ಕೆ ಡೆನ್ಸಿಫೈಯರ್ ಕೇಳಿ ನೋಡಿ. ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟ್ ದ್ರಾವಣ. ಕಾಂಕ್ರೀಟಿನಲ್ಲಿರುವ ಸುಣ್ಣದ ಜೊತೆ ಸೇರಿ ಒಳಗೇ ಗಟ್ಟಿಯಾಗುತ್ತದೆ. ಮೇಲೆ ಪದರ ಇಲ್ಲ, ಹಾಗಾಗಿ ಸುಲಿಯುವ ಮಾತೇ ಇಲ್ಲ, ತೇವ ಹೊರಗೆ ಹೋಗಲೂ ಬಿಡುತ್ತದೆ. ಶೋರೂಮ್ ಹೊಳಪು ಬರಲ್ಲ, ಆಯಿಲ್ ಕಲೆಯೂ ಪೂರ್ತಿ ತಪ್ಪಲ್ಲ. ಜೀಪ್ ಶೆಡ್ಡಿಗೆ ಹೊಳಪು ಯಾಕೆ? ಮೊದಲು ಮೇಲಿನ ಸತ್ತ ಪದರವನ್ನು ಗ್ರೈಂಡ್ ಮಾಡಿಸಿ. ವ್ಯಾಕ್ಯೂಮ್ ಇರುವ ಮಿಷನ್, ಮೂಗಿಗೆ ಒಳ್ಳೆ ಮಾಸ್ಕ್. ಕಾಂಕ್ರೀಟ್ ಧೂಳಿನ ಸಿಲಿಕಾ ಶ್ವಾಸಕೋಶ ಹಾಳು ಮಾಡುತ್ತದೆ.

ತೋಟದ ಜೀಪು:
ಸರಿ, ಎಪಾಕ್ಸಿ ಕ್ಯಾನ್ಸಲ್. ಚರಂಡಿ ಈ ಬೇಸಿಗೆಗೆ, ಪ್ಲಾಸ್ಟಿಕ್ ಹಾಳೆ ಜುಲೈಗೆ. ಗ್ರೈಂಡಿಂಗ್ ಜನವರಿಯಲ್ಲಿ ಇಟ್ಟುಕೊಳ್ಳಲಾ?

ಗಾರೆ ಕೆಲಸ:
ಜನವರಿಯಲ್ಲಿ ಎಲ್ಲರೂ ಕಾಫಿ ಕುಯ್ಯೋಕೆ ಹೋಗಿರುತ್ತಾರೆ ಸರ್, ಆಳು ಸಿಗಲ್ಲ. ಮಾರ್ಚ್ ಮಾಡಿ.