ಕಳೆಯುವ ಲೆಕ್ಕದ ‘ಸಾಲ’ಕ್ಕೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ.

ಎರಡನೇ ಕ್ಲಾಸಿನ ಮಗಳಿಗೆ ಮೊನ್ನೆ 42ರಲ್ಲಿ 17 ಕಳೆಯುವುದನ್ನು ಹೇಳಿಕೊಡುತ್ತಿದ್ದೆ. ‘ಎರಡರಲ್ಲಿ ಏಳು ಹೋಗಲ್ಲ, ಪಕ್ಕದ ನಾಲ್ಕರ ಹತ್ತಿರ ಒಂದು ಸಾಲ ತಗೋ, ಹನ್ನೆರಡಾಯ್ತು’ ಅಂದೆ. ಅವಳು ಪೆನ್ಸಿಲ್ ಕೆಳಗಿಟ್ಟಳು. ‘ತಗೊಂಡಿದ್ದು ಒಂದು, ಅದು ಹತ್ತು ಹೇಗಾಯ್ತು? ವಾಪಸ್ ಯಾವಾಗ ಕೊಡೋದು?’

ನನಗೆ ಉತ್ತರ ಹೊಳೆಯಲಿಲ್ಲ. ಅಲ್ಲೇ ಅವರೆಕಾಯಿ ಸುಲಿಯುತ್ತಿದ್ದ ಅಮ್ಮ ತಮ್ಮ ರೀತಿಯಲ್ಲಿ ಹೇಳಿದರು: ‘ಹನ್ನೆರಡರಲ್ಲಿ ಏಳು ಹೋದ್ರೆ ಐದು, ದಶಕ ಒಂದು. ಒಂದೂ ಒಂದೂ ಎರಡು. ನಾಲ್ಕರಲ್ಲಿ ಎರಡು ಹೋದ್ರೆ ಎರಡು. ಇಪ್ಪತ್ತೈದು.’

ಗಮನಿಸಿ, ಅಮ್ಮ ಮೇಲಿನ ನಾಲ್ಕನ್ನು ಮುಟ್ಟಲೇ ಇಲ್ಲ. ಮೇಲೆ ಹತ್ತು ಬಿಡಿ ಸೇರಿಸಿದರು, ಕೆಳಗೆ 17ರ ಒಂದಕ್ಕೆ ಇನ್ನೊಂದು ಹತ್ತು ಸೇರಿಸಿದರು. ಎರಡೂ ಕಡೆ ಹತ್ತೇ ಜಾಸ್ತಿ, ಹಾಗಾಗಿ ಉತ್ತರ ಕೆಡುವುದಿಲ್ಲ. ಇಲ್ಲಿ ತಗೊಂಡದ್ದನ್ನು ಮುಂದಿನ ಸ್ಥಾನದಲ್ಲಿ ತೀರಿಸಿಯೇ ಬಿಡುತ್ತಾರೆ. ನಾನು ಹೇಳಿಕೊಟ್ಟ ಕ್ರಮದಲ್ಲಿ 4 ಹೊಡೆದುಹಾಕಿ 3 ಬರೆಯುತ್ತೇವೆ, ತೀರಿಸುವ ಮಾತೇ ಇಲ್ಲ. ಲೆಕ್ಕದ ದಾರಿ ಬದಲಾಗಿ ಮಾತು ಮಾತ್ರ ಹಳೆಯದೇ ಉಳಿಯಿತೇನೋ ಅಂತ ನನ್ನ ಗುಮಾನಿ. ಆದರೆ ಅಮ್ಮ ‘ಸಾಲ’ ಅನ್ನಲಿಲ್ಲ, ‘ದಶಕ’ ಅಂದರು. ಕೂಡುವಾಗಲೂ ಅವರಿಗೆ ಅದೇ ಪದ.

ಬೇರೆ ಪದ ಹುಡುಕಿದೆ. ‘ಕಡ’ ಅನ್ನೋಣ ಅಂದರೆ, ನಮ್ಮ ಕಡೆ ಒಂದು ಲೋಟ ಸಕ್ಕರೆ ಕಡ ತಂದರೆ ಒಂದು ಲೋಟ ಸಕ್ಕರೆ ವಾಪಸ್ ಹೋಗಬೇಕು. ಎರವಲು ತಂದ ಏಣಿಯಾದರೆ ಅದೇ ಏಣಿ ಹೋಗಬೇಕು. ಸಾಲ, ಕಡ, ಎರವಲು, ಮೂರರಲ್ಲೂ ವಾಪಸ್ ಕೊಡುವುದು ತಪ್ಪಿದ್ದಲ್ಲ.

ಕೊನೆಗೆ ಕಡ್ಡಿ ತಂದೆ. ರಬ್ಬರ್ ಬ್ಯಾಂಡ್ ಹಾಕಿದ ಹತ್ತರ ಕಟ್ಟು ನಾಲ್ಕು, ಬಿಡಿ ಕಡ್ಡಿ ಎರಡು. ಒಂದು ಕಟ್ಟಿನ ರಬ್ಬರ್ ತೆಗೆದ ಕೂಡಲೇ ಹನ್ನೆರಡು ಬಿಡಿ, ಮೂರು ಕಟ್ಟು. ಪ್ರಶ್ನೆ ಬರಲಿಲ್ಲ. ಹೂವಾಡಗಿತ್ತಿ ಹೇಳುವ ‘ಬಿಡಿ ಹೂ’ವಿನ ಬಿಡಿಯೇ ಲೆಕ್ಕದ ಬಿಡಿ ಅಂತಲೂ ಅವಳಿಗೆ ಹೊಳೆಯಿತು.

ಹಾಗಾದರೆ ಈ ಕೆಲಸಕ್ಕೆ ಏನನ್ನೋಣ? ‘ಹತ್ತು ಬಿಡಿಸು’ ಅಂದರೆ ಸರಿಹೋಗುತ್ತಿತ್ತು, ಆದರೆ ‘ಲೆಕ್ಕ ಬಿಡಿಸು’ ಅನ್ನುವುದರಲ್ಲಿ ಆ ಪದ ಆಗಲೇ ಬೇರೆ ಕೆಲಸಕ್ಕೆ ಹೋಗಿದೆ. ‘ಹತ್ತು ಬಿಚ್ಚು’? ನೋಟು ಮುರಿಸುತ್ತೇವಲ್ಲ, ಹಾಗೆ ‘ಹತ್ತು ಮುರಿ’? ನನಗೆ ‘ಮುರಿ’ ಇಷ್ಟ. ಮಗು ಕಡ್ಡಿಯನ್ನೇ ಮುರಿದೀತು ಅನ್ನುವ ಭಯ ಅಷ್ಟೇ.

(ಅವಳ ಪುಸ್ತಕದಲ್ಲಿ ‘42ರಿಂದ 17ನ್ನು ಕಳೆ’ ಅಂತಿದೆ. ನಮ್ಮ ಮನೆಯಲ್ಲಿ ಯಾರೂ ಹಾಗನ್ನಲ್ಲ, ‘42ರಲ್ಲಿ’ ಅಂತೀವಿ. ಅದು ಇನ್ನೊಂದು ದಿನಕ್ಕಿರಲಿ.)

ನಿಮ್ಮ ಊರಿನ ಮೇಷ್ಟ್ರು ಏನನ್ನುತ್ತಿದ್ದರು? ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ಖಂಡಿತ ಬರೆಯಿರಿ. ಅಮ್ಮನ ಹಾಗೆ ಕೆಳಗೆ ದಶಕ ಕೂಡಿಸಿ ಕಲಿತವರಿದ್ದರೆ, ಆಗ ‘ಸಾಲ’ ಅನ್ನುವ ಮಾತು ಬರುತ್ತಿತ್ತೋ ಇಲ್ಲವೋ ಅದನ್ನೂ ತಿಳಿಸಿ.