ಅಪ್‌ಡೇಟ್: ರುಮಟಾಯ್ಡ್ ಆರ್ಥ್ರೈಟಿಸ್ (ಕೀಲುಗಳ ಕಾಯಿಲೆ) ಇದ್ದೂ ಕೆನಡಾ ಪಿಆರ್ (ಕಾಯಂ ವಾಸದ ಅನುಮತಿ) ಬಂತು!

ಎಲ್ಲರಿಗೂ ನಮಸ್ಕಾರ. 2024ರಲ್ಲಿ ಪಿಆರ್ ಅರ್ಜಿಯ ಮೆಡಿಕಲ್ ಪರೀಕ್ಷೆ ಆದಮೇಲೆ ಕೆನಡಾದ ವಲಸೆ ಇಲಾಖೆಯಿಂದ ನನಗೊಂದು ಪತ್ರ ಬಂದಿತ್ತು. ನಿಮ್ಮ ಚಿಕಿತ್ಸೆಯಿಂದ ಸರ್ಕಾರಕ್ಕೆ ಬೀಳೋ ಖರ್ಚು ಅರ್ಜಿದಾರರಿಗೆ ಇಟ್ಟಿರೋ ಮಿತಿ ಮೀರಬಹುದು, 90 ದಿನದಲ್ಲಿ ಉತ್ತರ ಕೊಡಿ ಅಂತ. ಗಾಬರಿಯಲ್ಲಿ ಏನು ಮಾಡಲಿ ಅಂತ ಇಲ್ಲಿ ಕೇಳಿದ್ದೆ, ನೀವೆಲ್ಲ ಬೇರೆ ಬೇರೆ ಸಲಹೆ ಕೊಟ್ಟಿದ್ದಿರಿ. ಮೊನ್ನೆ ಪಿಆರ್ ಕೈಗೆ ಬಂತು.

ಕೆಲಸಕ್ಕೆ ಬಂದದ್ದು ಬಯೋಸಿಮಿಲರ್ (ದುಬಾರಿ ಜೈವಿಕ ಔಷಧಿಗೆ ತುಂಬಾ ಹೋಲುವ, ಕಡಿಮೆ ಬೆಲೆಯ ಔಷಧಿ) ಬಗ್ಗೆ ಹೇಳಿದವರ ಸಲಹೆ. ಮೆಡಿಕಲ್ ಫಾರ್ಮ್‌ನಲ್ಲಿದ್ದದ್ದು ನನ್ನ ಹಳೆಯ ದುಬಾರಿ ಇಂಜೆಕ್ಷನ್. ಈಗ ತಗೊಳ್ಳೋದು, ನಮ್ಮ ಫ್ರಿಜ್‌ನಲ್ಲಿ ಮೊಸರಿನ ಡಬ್ಬಿ ಪಕ್ಕ ಕೂತಿರೋ ಅಡಲಿಮುಮ್ಯಾಬ್ ಅನ್ನೋ ಔಷಧಿಯ ಬಯೋಸಿಮಿಲರ್ ಇಂಜೆಕ್ಷನ್ ಪೆನ್, ಎರಡು ವಾರಕ್ಕೊಂದು. ಫಾರ್ಮಸಿಯವರು ಹನ್ನೆರಡು ತಿಂಗಳ ಬಿಲ್ ಪ್ರಿಂಟ್ ಹಾಕಿಕೊಟ್ಟರು, ವರ್ಷಕ್ಕೆ ಸುಮಾರು 12,500 ಡಾಲರ್. ಆಗಿನ ಮಿತಿ ವರ್ಷಕ್ಕೆ 26,220 ಡಾಲರ್. ಡೋಸ್ ಇಷ್ಟೇ, ಆಪರೇಷನ್ ಬೇಕಾಗಿಲ್ಲ ಅಂತ ಡಾಕ್ಟರ ಪತ್ರವನ್ನೂ ಲಗತ್ತಿಸಿದೆ.

"ಹಣ ನಾವೇ ಕಟ್ಟುತ್ತೇವೆ" ಅಂತ ಬರೆದುಕೊಡೋ ಸಲಹೆ ನನ್ನ ವಕೀಲರಿಗೆ ಒಪ್ಪಿಗೆಯಾಗಲಿಲ್ಲ, ಬರೀ ಮಾತಿಗೆ ತೂಕವಿಲ್ಲ ಅಂದರು. ಕಾಯಿಲೆ ಮುಚ್ಚಿಡಿ ಅಂದವರಿಗೆ ಒಂದು ಮಾತು: ಸುಳ್ಳು ಹೇಳಿ ಸಿಕ್ಕಿಬಿದ್ದರೆ ಐದು ವರ್ಷ ಅರ್ಜಿ ಹಾಕೋ ಹಾಗೇ ಇಲ್ಲ. ದಯವಿಟ್ಟು ಯಾರಿಗೂ ಹಾಗೆ ಹೇಳಬೇಡಿ.

ನನಗೆ ಗೊತ್ತೇ ಇರದಿದ್ದ ವಿಷಯ: 2018ರಲ್ಲಿ ಈ ಮಿತಿಯನ್ನು ಮೂರು ಪಟ್ಟು ಏರಿಸಿದ್ದಾರೆ. ಗಂಡ ಅಥವಾ ಹೆಂಡತಿ ಸ್ಪಾನ್ಸರ್ ಮಾಡಿದರೆ ಈ ಖರ್ಚಿನ ನಿಯಮವೇ ಅನ್ವಯಿಸಲ್ಲ. ಅಂಥವರು ನನ್ನ ಹಾಗೆ ನಿದ್ದೆಗೆಡಬೇಕಿಲ್ಲ.

ಬಿಲ್ ಹೇಗೆ ಜೋಡಿಸಿದೆ ಅಂತ ಯಾರಿಗಾದರೂ ಬೇಕಿದ್ದರೆ ಕೇಳಿ, ಖಂಡಿತ ಹೇಳ್ತೀನಿ.