ಪದಚರ್ಚೆ: ಕೋಶಕೇಂದ್ರವನ್ನು ‘ಸುಲಿಯಬಹುದೇ’?

ಎಲ್ಲರಿಗೂ ನಮಸ್ಕಾರ.

ಮಂಗಳೂರಿನ ಬಿಎಸ್ಸಿ ಮಕ್ಕಳಿಗಾಗಿ ಪ್ರಯೋಗಾಲಯದ ಕೈಪಿಡಿಯೊಂದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಜೀವಕೋಶದಿಂದ ಕೋಶಕೇಂದ್ರವನ್ನು (ನ್ಯೂಕ್ಲಿಯಸ್) ಹೊರತೆಗೆಯುವ ಅಧ್ಯಾಯಕ್ಕೆ ಸರಿಯಾದ ಕ್ರಿಯಾಪದ ಸಿಗುತ್ತಿಲ್ಲ. ‘ಪ್ರತ್ಯೇಕಿಸು’, ‘ಬೇರ್ಪಡಿಸು’ ಎಂದರೆ ಅಕ್ಕಿಯಿಂದ ಕಲ್ಲು ಆರಿಸಿದ ಹಾಗೆ ಕೇಳುತ್ತದೆ. ಇಲ್ಲಿ ಹೊರಗಿನದು ಹಾಳಾಗಲೇಬೇಕು, ಒಳಗಿನದು ಉಳಿಯಲೇಬೇಕು.

ಕೋಶಗಳನ್ನು ಮೊದಲು ಲವಣ ಕಡಿಮೆಯಿರುವ ತಣ್ಣನೆಯ ದ್ರಾವಣದಲ್ಲಿ ಇಡುತ್ತೇವೆ. ನೀರು ಒಳನುಗ್ಗಿ ಅವು ಉಬ್ಬುತ್ತವೆ. ಆಮೇಲೆ ಶೇ 0.1ರ ಆಸುಪಾಸಿನಲ್ಲಿ ಎನ್‌ಪಿ-40ರಂಥ ಡಿಟರ್ಜೆಂಟ್ ಹಾಕಿದರೆ ಹೊರಪೊರೆ ಕರಗುತ್ತದೆ. ಇಲ್ಲವೇ ಡೌನ್ಸ್ ಹೋಮೊಜೆನೈಸರ್ ಬಳಸುತ್ತೇವೆ: ಗಾಜಿನ ಕೊಳವೆಯಲ್ಲಿ ಬಿಗಿಯಾಗಿ ಕೂರುವ ಗಾಜಿನ ದಂಡವನ್ನು ಮೇಲೆ ಕೆಳಗೆ ಆಡಿಸಿದಾಗ, ಸಂದಿಯಲ್ಲಿ ನುಸುಳುವ ಕೋಶಗಳ ಪೊರೆ ಹರಿಯುತ್ತದೆ. ಇದನ್ನು ‘ಅರೆಯುವುದು’ ಅನ್ನಲಾಗದು, ಅರೆದರೆ ಕೋಶಕೇಂದ್ರವೂ ಪುಡಿ. ‘ಕಡೆಯುವುದು’ ಇನ್ನೂ ತಾಪತ್ರಯ: ಘಟ್ಟದ ಮೇಲೆ ಮಜ್ಜಿಗೆ ಕಡೆದರೆ ನಾವಿಲ್ಲಿ ಮಸಾಲೆಯನ್ನೂ ಕಡೆಯುತ್ತೇವೆ.

ನನಗೆ ಹೊಳೆದದ್ದು ‘ಸುಲಿ’. ನಮ್ಮ ಕಡೆ ಅಡಿಕೆ ಸುಲಿಯುವುದೆಂದರೆ ಸಿಪ್ಪೆ ಹೋಗಿ ಅಡಿಕೆ ಇಡಿಯಾಗಿ ಕೈಗೆ ಬರಬೇಕು. ವ್ಯಾಕರಣವೂ ಒಪ್ಪುತ್ತದೆ. ‘ಸಿಪ್ಪೆ ಸುಲಿ’, ‘ಅಡಿಕೆ ಸುಲಿ’ ಎರಡೂ ಸರಿ. ಹೋಗುವುದೂ ಕರ್ಮ, ಉಳಿಯುವುದೂ ಕರ್ಮ. ಇನ್ನೊಂದು ಕಾರಣವಿದೆ. ಕೋಶಕೇಂದ್ರಕ್ಕೆ ತನ್ನದೇ ಎರಡು ಪೊರೆಗಳಿವೆ. ಟ್ರೈಟಾನ್ ಎಕ್ಸ್-100 ಎಂಬ ಡಿಟರ್ಜೆಂಟ್ ಬಳಸಿದಾಗ ಅದರ ಹೊರಪೊರೆಯೂ ಕಳಚಿಹೋಗುತ್ತದೆ, ಲ್ಯಾಮಿನ್ ಎಂಬ ಪ್ರೋಟೀನಿನ ಜಾಲ ಆಕಾರವನ್ನು ಹಿಡಿದಿಡುತ್ತದೆ. ‘ಬೇರ್ಪಡಿಸಿದ’ ಕೋಶಕೇಂದ್ರ ಅಂದರೆ ಇದು ಮರೆತೇಹೋಗುತ್ತದೆ, ‘ಸುಲಿದ’ ಅಂದರೆ ಅದರದೊಂದು ಪೊರೆಯೂ ಹೋಗಿರಬಹುದೆಂಬ ಅನುಮಾನವಾದರೂ ಉಳಿಯುತ್ತದೆ.

ಅಡ್ಡ ಬರುವವನು ಸ್ವಿಸ್ ವಿಜ್ಞಾನಿ ಮೀಷರ್. 1869ರಲ್ಲಿ ಜರ್ಮನಿಯ ಟ್ಯೂಬಿಂಗನ್ನಿನಲ್ಲಿ ಆತ ಗಾಯದ ಬಟ್ಟೆಗೆ ಅಂಟಿದ ಕೀವಿನ ಕೋಶಗಳನ್ನು ತೆಗೆದುಕೊಂಡು, ಹಂದಿಯ ಜಠರದಿಂದ ತೆಗೆದ ಪೆಪ್ಸಿನ್ ಮತ್ತು ಆಮ್ಲದಿಂದ ಸುತ್ತಲಿನದನ್ನೆಲ್ಲ ಜೀರ್ಣಿಸಿ ಕೋಶಕೇಂದ್ರವನ್ನು ಉಳಿಸಿಕೊಂಡ. ಡಿಎನ್‌ಎ ಮೊದಲು ಕೈಗೆ ಸಿಕ್ಕಿದ್ದು ಹಾಗೆ. ಅವನು ಅದನ್ನು ‘ನ್ಯೂಕ್ಲೀನ್’ ಎಂದ. ಇದನ್ನು ಸುಲಿಯುವುದೆನ್ನಲು ನನಗೇ ಬಾಯಿ ಬರುವುದಿಲ್ಲ. ವಿಧಾನ ಯಾವುದಾದರೂ ಸಲ್ಲುವ ಪದ ಬೇಕೆಂದರೆ ‘ಬಿಡಿಸು’ ಇದೆ, ಆದರೆ ಅದು ತೀರಾ ಸಡಿಲ. ಲೆಕ್ಕವನ್ನೂ ಬಿಡಿಸುತ್ತೇವೆ, ಜಗಳವನ್ನೂ.

ಜೊತೆಗೊಂದು ಚಿಕ್ಕ ತೊಡಕು. ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದ ಬಳಿಕ ಮೇಲೆ ನಿಲ್ಲುವ ದ್ರವಕ್ಕೆ ‘ತಿಳಿ’ ಎಂದು ಬರೆದಿದ್ದೇನೆ, ಅದು ಚೆನ್ನಾಗಿಯೇ ಕೂತಿದೆ. ತಳದಲ್ಲಿ ಒತ್ತಾಗಿ ಕೂರುವ ಕೋಶಕೇಂದ್ರಗಳಿಗೆ ಏನನ್ನೋಣ? ‘ಪ್ರಕ್ಷೇಪ’ ರಾಸಾಯನಿಕ ಕ್ರಿಯೆಯಲ್ಲಿ ಹುಟ್ಟುವಂಥದ್ದು. ‘ಚರಟ’ ಎಂದರೆ ಎಸೆಯುವ ವಸ್ತು, ನಮಗೋ ತಳದಲ್ಲಿ ಕೂತದ್ದೇ ಬೇಕು. ನಿಘಂಟಿನ ‘ಗಸಿ’ ಅರ್ಥದಲ್ಲಿ ಹತ್ತಿರ, ಆದರೆ ನಮ್ಮ ಕಡೆ ಗಸಿ ಎಂದರೆ ಮಸಾಲೆಯ ಸಾರು. ಮಂಗಳೂರಿನ ಮಕ್ಕಳಿಗೆ ‘ಗಸಿಯನ್ನು ಮಂಜುಗಡ್ಡೆಯ ಮೇಲಿಡಿ’ ಎಂದು ಬರೆದರೆ ಕೋರಿ ರೊಟ್ಟಿ ಎಲ್ಲಿ ಎಂದು ಕೇಳಿಯಾರು.

ಬಯಲುಸೀಮೆಯವರಲ್ಲಿ ಮುಖ್ಯವಾಗಿ ಕೇಳುವುದಿಷ್ಟು: ‘ಕೋಶಕೇಂದ್ರ ಸುಲಿತ’ ಎಂಬ ತಲೆಬರಹ ನೋಡಿದಾಗ ನಿಮಗೆ ಮೊದಲು ನೆನಪಾಗುವುದು ಕಾಯಿಯ ಸಿಪ್ಪೆಯೋ, ಸುಲಿಗೆಯೋ? ಎರಡನೆಯದಾದರೆ ಪದವನ್ನು ಕೈಬಿಡುತ್ತೇನೆ. ತಳದ ಮುದ್ದೆಗೆ ನಿಮ್ಮೂರಿನ ಪದವಿದ್ದರೆ ಅದನ್ನೂ ಬರೆಯಿರಿ.